ಚಳಿಗಾಲದಲ್ಲಿ ಕಿರುಮರದ ಆರೈಕೆ

ದೆಹಲಿಯಲ್ಲಿ ದೀಪಾವಳಿ ಕಳೆದು ತಿಂಗಳೊಂದು ಆಗುವಷ್ಟರಲ್ಲಿ, ಕುಂಡದಲ್ಲಿ ಮರ ಬೆಳೆಸುವ ನಮ್ಮ ಬಳಗದ ಮನೆಗಳಿಂದ ವರ್ಷವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ತಟ್ಟೆಯಲ್ಲಿ ಬೆಳೆಸಿದ ದಾಳಿಂಬೆಯ ಎಲೆಗಳೆಲ್ಲ ಹಳದಿಯಾಗುತ್ತಿವೆ, ಇದೇನು ರೋಗ? ಗೊಬ್ಬರ ಸಾಲದೆ ಹೀಗಾಯಿತೆ? ಚಳಿ ಹೆಚ್ಚಾಯಿತೆಂದು ಒಳಗೆ ತಂದಿಡಬಹುದೆ? ಈ ಮೂರಕ್ಕೂ ಒಂದೇ ಉತ್ತರ ಸಾಕು: ಮರಕ್ಕೆ ಏನೂ ಆಗಿಲ್ಲ, ಅದು ಮಲಗಲು ಹೊರಟಿದೆ, ದಯವಿಟ್ಟು ಅದನ್ನು ಮಲಗಗೊಡಿರಿ.

ಮಾತು ಇಷ್ಟೇ ಆದರೂ ನಡೆಸುವುದು ಸುಲಭವಲ್ಲ. ಮನೆಯಲ್ಲಿ ಒಬ್ಬರು ಮಂಕಾಗಿ ಕುಳಿತರೆ ಕಷಾಯ ಕಾಯಿಸಿ, ಕಂಬಳಿ ಹೊದಿಸಿ ಉಪಚರಿಸುವ ಜನ ನಾವು. ಬೋಳಾಗಿ ನಿಂತ ಮರವನ್ನು ಕಂಡಾಗಲೂ ಎಷ್ಟೋ ಮಂದಿಗೆ ಕೈ ಸುಮ್ಮನಿರುವುದಿಲ್ಲ. ಒಬ್ಬರು ದಿನಕ್ಕೆರಡು ಬಾರಿ ನೀರು ಹೊಯ್ಯುತ್ತಾರೆ, ಇನ್ನೊಬ್ಬರು ಗೊಬ್ಬರ ಕಲಸುತ್ತಾರೆ, ಮತ್ತೊಬ್ಬರು ಹೀಟರಿನ ಪಕ್ಕದಲ್ಲಿಡುತ್ತಾರೆ. ಕಿರುಮರಗಳು ಚಳಿಯಿಂದ ಸಾಯುವುದಕ್ಕಿಂತ ಈ ಉಪಚಾರದಿಂದ ಸಾಯುವುದೇ ಹೆಚ್ಚೆಂದು ನಾವು ಕಂಡುಕೊಂಡಿದ್ದೇವೆ. ಆದುದರಿಂದ ಎಲೆಯುದುರುವ ಬೋನ್ಸಾಯ್ ಮರವನ್ನು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೇಗೆ ನೋಡಿಕೊಳ್ಳಬೇಕು, ಯಾವಾಗ ಕೈ ಕಟ್ಟಿ ಕೂರಬೇಕು, ಯಾವಾಗ ಕತ್ತರಿ ಎತ್ತಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ. ದಾಳಿಂಬೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದು ನಮ್ಮವರಿಗೆಲ್ಲ ಪರಿಚಿತವಾದ ಗಿಡ, ನರ್ಸರಿಗಳಲ್ಲಿ ಸುಲಭವಾಗಿ ಸಿಗುವ ಗಿಡ. ಅಲ್ಲದೆ ಚಳಿಗಾಲದ ಪಾಠವನ್ನು ಅದರಷ್ಟು ಚೆನ್ನಾಗಿ ಹೇಳಿಕೊಡುವ ಗಿಡ ಇನ್ನೊಂದಿಲ್ಲ.

ಜಪಾನಿನವರ ಕಣ್ಣು

'ಬೋನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಟ್ಟದ್ದು. ತಟ್ಟೆಯಲ್ಲಿ ನೆಟ್ಟ ಮರವೇ ಬೋನ್ಸಾಯ್. ಈ ಕಲೆ ಚೀನದಿಂದ ಜಪಾನಿಗೆ ಹೋಗಿ ಅಲ್ಲಿ ತನ್ನದೇ ರೂಪ ತಳೆಯಿತು. 1309ರ ಒಂದು ಜಪಾನೀ ಚಿತ್ರಸುರುಳಿಯಲ್ಲಿಯೇ ತಟ್ಟೆಯ ಮರಗಳನ್ನು ಕಾಣಬಹುದು. ಟೋಕಿಯೋ ನಗರದಲ್ಲಿದ್ದ ಬೋನ್ಸಾಯ್ ತೋಟಗಾರರು 1923ರ ದೊಡ್ಡ ಭೂಕಂಪದ ಬಳಿಕ, ಒಳ್ಳೆಯ ನೀರು, ಗಾಳಿ, ಮಣ್ಣು ಇರುವ ಜಾಗವನ್ನು ಹುಡುಕಿಕೊಂಡು ಉತ್ತರದ ಓಮಿಯಾಕ್ಕೆ ಗುಳೆ ಹೋಗಿ 1925ರಲ್ಲಿ ಬೋನ್ಸಾಯ್ ಗ್ರಾಮವೊಂದನ್ನು ಕಟ್ಟಿದರು. ಅಲ್ಲಿ ಮನೆ ಮಾಡುವವರು ಕನಿಷ್ಠ ಹತ್ತು ಬೋನ್ಸಾಯ್‌ಗಳನ್ನಾದರೂ ಇಟ್ಟುಕೊಂಡಿರಬೇಕು, ಬಂದವರಿಗೆ ತೋಟವನ್ನು ತೆರೆದಿಡಬೇಕು, ಮಹಡಿ ಮನೆ ಕಟ್ಟಬಾರದು, ಬೇಲಿ ಹಸುರು ಗಿಡದ್ದೇ ಆಗಿರಬೇಕು ಎಂದು ಕಟ್ಟಳೆಯನ್ನು ಮಾಡಿಕೊಂಡಿದ್ದರು. ಮಹಡಿಯ ನೆರಳು ನೆರೆಯವರ ಮರದ ಮೇಲೆ ಬಿದ್ದರೆ ಅದು ಸೊರಗುವುದಷ್ಟೆ! ಓಮಿಯಾ ಈಗ ಸೈತಾಮ ನಗರದಲ್ಲಿ ಸೇರಿದೆ; 2010ರಲ್ಲಿ ಅಲ್ಲೊಂದು ಬೋನ್ಸಾಯ್ ವಸ್ತುಸಂಗ್ರಹಾಲಯವೂ ತೆರೆಯಿತು.

ಜಪಾನಿನ ಬೋನ್ಸಾಯ್ ಪ್ರದರ್ಶನಗಳಲ್ಲಿ ಎಲ್ಲಕ್ಕಿಂತ ಹೆಸರಾದುದು 1934ರಲ್ಲಿ ಆರಂಭವಾದ ಕೊಕುಫು ಪ್ರದರ್ಶನ. ಅದು ಟೋಕಿಯೋದ ಉಯೆನೋದಲ್ಲಿ ನಡೆಯುವುದು ಫೆಬ್ರವರಿಯ ಕೊರೆಯುವ ಚಳಿಯಲ್ಲಿ. ಹೂ ಅರಳುವ ವಸಂತವನ್ನು ಬಿಟ್ಟು, ಮೇಪಲ್ ಮರಗಳು ಕೆಂಪಾಗುವ ಶರತ್ತನ್ನು ಬಿಟ್ಟು, ಒಂದೆಲೆಯೂ ಇಲ್ಲದ ಕಾಲವನ್ನು ಏಕೆ ಆರಿಸಿಕೊಂಡರು? ಎಲೆಯಿದ್ದಾಗ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಎಲೆ ಬಿದ್ದಾಗ ಬುಡದ ಹರವು, ಕಾಂಡದ ಏರು, ರೆಂಬೆ ಕವಲೊಡೆದ ರೀತಿ, ಕೊನೆಯ ಕೂದಲೆಳೆಯಂಥ ಕಡ್ಡಿಗಳು ಎಲ್ಲವೂ ಬಯಲಾಗುತ್ತವೆ. ಮರ ಬೆಳೆಸಿದವನ ಹಲವು ವರ್ಷಗಳ ತಾಳ್ಮೆ ಎಷ್ಟಿತ್ತೆಂಬುದು ಆ ದಿನ ಲೆಕ್ಕಕ್ಕೆ ಸಿಗುತ್ತದೆ. ಹೀಗೆ ನಾವು 'ಪಾಪ, ಬೋಳಾಯಿತು' ಎಂದು ಮೂಲೆಗೆ ಸರಿಸುವ ಮರವನ್ನು ಅವರು ನಡುಮನೆಯಲ್ಲಿಟ್ಟು ನೋಡುತ್ತಾರೆ.

ಎಲೆ ಏಕೆ ಉದುರುತ್ತದೆ?

ಹಗಲು ಮೊಟಕಾಗಿ ರಾತ್ರಿ ತಣ್ಣಗಾಗತೊಡಗಿದಾಗ, ಎಲೆಯಲ್ಲಿ ಅಡಿಗೆ ನಡೆಯುವುದು ನಷ್ಟದ ವ್ಯಾಪಾರವಾಗುತ್ತದೆ. ಬಿಸಿಲು ಕಡಮೆ, ಆದರೆ ಎಲೆಯಿಂದ ನೀರು ಆರಿಹೋಗುವುದು ನಿಲ್ಲದು. ಆಗ ಮರ ಲೆಕ್ಕಾಚಾರದ ಗೃಹಿಣಿಯಂತೆ ನಡೆದುಕೊಳ್ಳುತ್ತದೆ. ಎಲೆಯ ಹಸುರು ದ್ರವ್ಯವನ್ನು ಒಡೆದು, ಅದರೊಳಗಿನ ಸಾರವನ್ನು ಕಡ್ಡಿಗೂ ಕಾಂಡಕ್ಕೂ ಬೇರಿಗೂ ಹಿಂದಕ್ಕೆ ಎಳೆದುಕೊಂಡು ಉಗ್ರಾಣ ತುಂಬುತ್ತದೆ. ಹಳದಿ ಬಣ್ಣ ಮೊದಲೂ ಇದ್ದುದೇ. ಹಸುರು ಹೋದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ಬಳಿಕ ಎಲೆಯ ತೊಟ್ಟಿನ ಬುಡದಲ್ಲಿ ತೆಳುವಾದೊಂದು ಪದರ ಬೆಳೆದು, ಎಲೆ ತಾನಾಗಿ ಕಳಚಿಕೊಳ್ಳುತ್ತದೆ, ಗಾಯವೂ ಮುಚ್ಚಿಹೋಗುತ್ತದೆ. ಮುಂದಿನ ವರ್ಷದ ಮೊಗ್ಗು ಆಗಲೇ ಆ ಜಾಗದಲ್ಲಿ ಹುರುಪೆ ಹೊದ್ದು ಕುಳಿತಿರುತ್ತದೆ.

ಈ ನಿದ್ದೆಗೆ ಅಳತೆಯುಂಟು. ಜಪಾನಿನ ಮೇಪಲ್ಲು, ಸೇಬು, ಪೀಚು ಮೊದಲಾದ ಶೀತದೇಶದ ಮರಗಳು ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪನ್ನು ವಾರಗಟ್ಟಲೆ ಅನುಭವಿಸಿದ ಮೇಲೆಯೇ ಸರಿಯಾಗಿ ಏಳುತ್ತವೆ. ಆ ಚಳಿ ಸಿಕ್ಕದಿದ್ದರೆ ಚಿಗುರು ಅಲ್ಲೊಂದು ಇಲ್ಲೊಂದು ಬಂದು, ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆದುದರಿಂದ ಚಳಿಗಾಲದಲ್ಲಿ ಮರವನ್ನು ಬೆಚ್ಚಗಿನ ಕೋಣೆಗೆ ತರುವುದೆಂದರೆ, ಮಲಗಿದವರನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಕೂಡಿಸಿದಂತೆ. ಅಕಾಲದಲ್ಲಿ ಚಿಗುರೊಡೆದು, ಕೋಣೆಯ ಮಬ್ಬು ಬೆಳಕಿನಲ್ಲಿ ಬಿಳಿಚಿಕೊಂಡು, ಕೂಡಿಟ್ಟ ಸಾರವನ್ನೆಲ್ಲ ಅದು ಖರ್ಚು ಮಾಡಿಕೊಳ್ಳುತ್ತದೆ.

ಊರಿಗೊಂದು ಚಳಿ

ನಮ್ಮ ಓದುಗರು ಒಂದೇ ಊರಿನವರಲ್ಲ. ಜನವರಿಯಲ್ಲಿ ದೆಹಲಿಯ ರಾತ್ರಿ ಸಾಧಾರಣವಾಗಿ 7-8 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಪುಣೆಯಲ್ಲಿ 11-12ರ ಆಸುಪಾಸು. ಹೈದರಾಬಾದಿನಲ್ಲಿ ಹಿತವಾದ ತಂಪು. ಮುಂಬಯಿಯಲ್ಲಿ ಒಂದು ತೆಳು ಹೊದಿಕೆ ಸಾಕು; ಚೆನ್ನೈಯಲ್ಲಂತೂ ಅದೂ ಬೇಡ. ಆದುದರಿಂದ ಜಪಾನೀ ಪುಸ್ತಕವನ್ನು ನೋಡಿಕೊಂಡು ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಮೇಪಲ್ ಬೆಳೆಸಹೊರಡುವವರಿಗೆ ನಮ್ಮ ಸಲಹೆ: ಆ ಹಣವನ್ನು ಉಳಿಸಿರಿ. ನಿಮಗೆ ಆಲ, ಅರಳಿ, ಬಸುರಿ, ಹುಣಿಸೆಗಳು ಒದಗುತ್ತವೆ. ಅರಳಿಯೂ ಎಲೆ ಉದುರಿಸುತ್ತದೆ, ಆದರೆ ಅದು ಚಳಿಯ ನಿದ್ದೆಯಲ್ಲ. ಬೇಸಿಗೆಗೆ ಮುಂಚೆ ಬಟ್ಟೆ ಬದಲಾಯಿಸಿದಂತೆ ಕೆಲವು ದಿನಗಳಲ್ಲಿ ಹಳೆಯ ಎಲೆ ಕಳಚಿ ಹೊಸತನ್ನು ಉಡುತ್ತದೆ. ಆಲ ಅರಳಿಗಳ ಜಾತಿಯನ್ನು ಚಳಿಯಲ್ಲಿ ಮುಟ್ಟದೆ, ಬೆಚ್ಚಗಿನ ದಿನಗಳಲ್ಲಿ, ಬೆಳೆಯುವ ಹುರುಪು ಇದ್ದಾಗ ಸವರತಕ್ಕದ್ದು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ಊರಿಗೆ ಹೋದಾಗ ನೋಡಿ ಬಂದರೆ, ನಮ್ಮ ನಾಡಿನ ಮರಗಳಿಂದಲೇ ಏನೆಲ್ಲ ಸಾಧ್ಯ ಎಂಬುದು ಮನದಟ್ಟಾಗುತ್ತದೆ.

ಇನ್ನು ದಾಳಿಂಬೆಯ ಮಾತು. ಇದರದೊಂದು ವಿಶೇಷವಿದೆ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯ ತೋಟಗಳಲ್ಲಿ ದಾಳಿಂಬೆ ತಾನಾಗಿ ಬೋಳಾಗುವುದಿಲ್ಲ. ಅದನ್ನು ಮಲಗಿಸುವಷ್ಟು ಚಳಿ ಅಲ್ಲಿಲ್ಲ. ಅದೇ ಗಿಡ ದೆಹಲಿಗೆ ಬಂದರೆ ಡಿಸೆಂಬರಿನಲ್ಲಿ ಹಳದಿಯಾಗಿ, ಜನವರಿಗೆ ಬೋಳಾಗುತ್ತದೆ. ಹಾಗಾದರೆ ಅಲ್ಲಿಯ ಗಿಡಕ್ಕೆ ವಿಶ್ರಾಂತಿಯೇ ಬೇಡವೆ? ಬೇಕು. ಅದನ್ನು ರೈತರೇ ಕೊಡುತ್ತಾರೆ. ಫಸಲು ಯಾವ ಕಾಲಕ್ಕೆ ಬೇಕೋ ಅದಕ್ಕೆ ತಕ್ಕಂತೆ ನೀರನ್ನು ನಿಲ್ಲಿಸಿ, ಗಿಡ ಎಲೆ ಉದುರಿಸುವಂತೆ ಮಾಡಿ, ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಬಿಡುತ್ತಾರೆ. ಇದಕ್ಕೆ 'ಬಹಾರ್' ಎಂದು ಹೆಸರು. ಆಗ ಗಿಡದ ತುಂಬ ಒಮ್ಮೆಗೇ ಹೂ. ದೆಹಲಿಯಲ್ಲಿ ಚಳಿ ಮಾಡುವ ಕೆಲಸವನ್ನು ಅಲ್ಲಿ ಬಾಯಾರಿಕೆ ಮಾಡುತ್ತದೆ. ಎರಡು ಕಡೆಯೂ ತಿಳಿಯಬೇಕಾದ ತತ್ತ್ವ ಒಂದೇ: ಹೂಬಿಡುವುದಕ್ಕೆ ಮುಂಚೆ ಮರಕ್ಕೊಂದು ಬಿಡುವು ಬೇಕು.

ಸತ್ತಿದೆಯೋ, ಮಲಗಿದೆಯೋ?

ಬೋಳು ಮರ ಜೀವಂತವಾಗಿದೆಯೆ ಎಂಬ ಅನುಮಾನ ಬಂದಾಗ ಪರೀಕ್ಷೆ ಸುಲಭ. ಒಂದು ಎಳೆಯ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಎಳ್ಳಿನಷ್ಟು ಕೆರೆಯಿರಿ. ಒಳಗೆ ಹಸುರೂ ತೇವವೂ ಕಂಡರೆ ಜೀವವಿದೆ. ಕಂದು ಬಣ್ಣವಾಗಿ ಒಣಗಿದ್ದರೆ ಆ ಕಡ್ಡಿ ಸತ್ತಿದೆ. ಅಷ್ಟಕ್ಕೆ ಮರ ಸತ್ತಿತೆಂದಲ್ಲ. ಕೆಳಗಿನ ರೆಂಬೆಯನ್ನು, ಅನಂತರ ಕಾಂಡದ ಬುಡವನ್ನು ಹಾಗೆಯೇ ನೋಡತಕ್ಕದ್ದು.

ನಮ್ಮ ಬಳಗದ ಒಂದು ಕುಟುಂಬಕ್ಕೆ ಚಳಿಗಾಲದ ನಡುವೆ ದಕ್ಷಿಣಕ್ಕೆ ವರ್ಗವಾಯಿತು. ಹನ್ನೆರಡು ವರ್ಷ ಬೆಳೆಸಿದ ದಾಳಿಂಬೆಯನ್ನು ಲಾರಿಯಲ್ಲಿ ಕಳುಹಿಸಲು ಧೈರ್ಯವಾಗದೆ, ಅದೇ ಕಟ್ಟಡದ ಪರಿಚಿತರಿಗೆ ಒಪ್ಪಿಸಿ ಹೋದರು. ಅವರ ಮಗ ಒಂದು ದಿನ ಮನೆ ಚೊಕ್ಕಟ ಮಾಡುವಾಗ ಅದನ್ನು ಕಸದ ಗಾಡಿಗೆಂದು ಕೆಳಗಿಳಿಸಿಟ್ಟಿದ್ದ. ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ ನಮ್ಮವರೊಬ್ಬರ ತಾಯಿ ಕಂಡು ಕೇಳಿದರು:

"ಇದನ್ನೇಕಪ್ಪ ಇಲ್ಲಿ ತಂದಿಟ್ಟೆ?"

"ಅದು ಸತ್ತುಹೋಗಿದೆ ಅಜ್ಜಿ. ಹದಿನೈದು ದಿನದಿಂದ ಒಂದೆಲೆಯೂ ಇಲ್ಲ."

ಅಜ್ಜಿ ಉಗುರಿನಿಂದ ಕೆರೆದು ತೋರಿಸಿದರು. "ಸತ್ತದ್ದಕ್ಕೆ ಈ ಹಸುರು ಎಲ್ಲಿಂದ ಬಂತು, ಹೇಳು."

ಹುಡುಗ ನಾಚಿಕೊಂಡು ತಟ್ಟೆಯನ್ನು ಮತ್ತೆ ಮೇಲಕ್ಕೆ ಹೊತ್ತ. ಮಾರ್ಚಿಯಲ್ಲಿ ಆ ಮರದ ಚಿಗುರಿನ ಚಿತ್ರವನ್ನು ದಕ್ಷಿಣದ ಮನೆಗೆ ಕಳುಹಿಸಿದವನೂ ಅವನೇ. ಹನ್ನೆರಡು ವರ್ಷದ ಆರೈಕೆ ಒಂದು ಉಗುರಿನ ಗೀರಿನಿಂದ ಉಳಿಯಿತು. ಮರವನ್ನು ಬೇರೆಯವರ ಕೈಗೆ ಒಪ್ಪಿಸುವವರು 'ಚಳಿಯಲ್ಲಿ ಎಲೆ ಉದುರುತ್ತದೆ, ಗಾಬರಿಯಾಗಬೇಡಿ' ಎಂದು ಒಂದು ಚೀಟಿ ಬರೆದಿಟ್ಟು ಹೋಗುವುದು ಒಳ್ಳೆಯದು.

ನೀರು, ಬಿಸಿಲು, ಗಾಳಿ

ಎಲೆಯಿಲ್ಲದ ಮರ ನೀರು ಕುಡಿಯುವುದು ಬಹಳ ಕಡಮೆ. ಮೇ ತಿಂಗಳಿನಲ್ಲಿ ದಿನಕ್ಕೆರಡು ಬಾರಿ ಕೇಳುವ ತಟ್ಟೆಗೆ ಜನವರಿಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗಬಹುದು. ಆದರೆ ದಿನ ಎಣಿಸಿ ನೀರು ಹಾಕುವುದು ಸರಿಯಲ್ಲ. ಮಣ್ಣನ್ನು ಕೇಳಿ ಹಾಕಬೇಕು. ಇದಕ್ಕೆ ನಾವು ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಯನ್ನು ಬಳಸುತ್ತೇವೆ. ಅದನ್ನು ಮಣ್ಣಿನಲ್ಲಿ ಎರಡು ಅಂಗುಲ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ, ತೇವವಿದ್ದಷ್ಟು ದೂರ ಕಡ್ಡಿಯ ಬಣ್ಣ ಕಪ್ಪಾಗಿರುತ್ತದೆ. ತುದಿಯವರೆಗೂ ಒಣಗುವುದಕ್ಕೆ ಮುಂಚೆ, ಮೇಲಿನ ಪದರ ಆರಿದಾಗ ನೀರು ಕೊಡಿರಿ. ಕೊಡುವಾಗ ತಟ್ಟೆಯ ತಳದ ರಂಧ್ರದಿಂದ ಹರಿದು ಬರುವಷ್ಟು ಕೊಡಿರಿ; ದಿನಕ್ಕೊಂದು ಚಮಚ ಚಿಮುಕಿಸುವುದರಿಂದ ಮೇಲು ಕೆಸರಾಗಿ ಬೇರು ಒಣಗಿಯೇ ಉಳಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಬಳಿಕ ಬಿಸಿಲು ಬಂದ ಮೇಲೆ ಹಾಕುವುದು ಲೇಸು. ಸಂಜೆ ಹಾಕಿದ ನೀರು ರಾತ್ರಿಯಿಡೀ ತಣ್ಣಗೆ ಬೇರಿನಲ್ಲಿ ನಿಲ್ಲುತ್ತದೆ. ಬೇರು ಕೊಳೆಯುವುದಕ್ಕೆ ಅದೇ ದಾರಿ.

ಜಾಗ ಹೊರಗೇ ಇರಬೇಕು. ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿ ಅಥವಾ ತಾರಸಿಯಲ್ಲಿ, ಹಿಂದೆ ಒಂದು ಗೋಡೆಯ ಆಸರೆಯಿದ್ದರೆ ಉತ್ತಮ. ಚಳಿಗಿಂತ ಶುಷ್ಕವಾದ ಗಾಳಿಗೆ ಅಂಜಬೇಕು; ತೆಳುವಾದ ಕಡ್ಡಿಗಳನ್ನು ಅದು ಒಣಗಿಸಿಬಿಡುತ್ತದೆ. ನೆಲದಲ್ಲಿರುವ ಮರದ ಬೇರಿಗೆ ಭೂಮಿಯ ಬಿಸುಪು ಕಾವಲಾಗಿರುತ್ತದೆ. ತಟ್ಟೆಯ ಬೇರಿಗೆ ಇರುವುದು ಎರಡು ಮೂರು ಅಂಗುಲದ ಮಣ್ಣು ಮಾತ್ರ. ಆದುದರಿಂದ ಕೊರೆಯುವ ರಾತ್ರಿಗಳಲ್ಲಿ ತಟ್ಟೆಯನ್ನು ಬರಿಯ ಸಿಮೆಂಟಿನ ಮೇಲಿಡದೆ ಹಲಗೆಯ ಮೇಲಿಟ್ಟು, ಸುತ್ತ ಗೋಣಿತಟ್ಟನ್ನು ಸುತ್ತಿದರೆ ಸಾಕು. ಹೊದಿಸಬೇಕಾದುದು ಬೇರನ್ನು, ರೆಂಬೆಗಳನ್ನಲ್ಲ. ಇಡೀ ಮರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು ಬೇಡ. ಹಗಲು ಬಿಸಿಲಿಗೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ.

ಗೊಬ್ಬರ ಡಿಸೆಂಬರಿನಿಂದ ಚಿಗುರು ಬರುವವರೆಗೆ ಪೂರ್ತಿ ನಿಲ್ಲಬೇಕು. ನಿದ್ದೆಯಲ್ಲಿರುವ ಬೇರು ಅದನ್ನು ಉಣ್ಣಲಾರದು. ಉಪ್ಪು ಮಣ್ಣಿನಲ್ಲಿಯೇ ಉಳಿದು ಬೇರನ್ನು ಸುಡುತ್ತದೆ. ಬಿದ್ದ ಎಲೆಗಳನ್ನು ಆಯ್ದು ಬಿಸುಡಿರಿ. ಹುಳದ ಮೊಟ್ಟೆಯೂ ಬೂಷ್ಟಿನ ಬೀಜವೂ ಅದರಲ್ಲಿ ಅಡಗಿರುತ್ತವೆ. ತೊಗಟೆಯ ಬಿರುಕುಗಳಲ್ಲಿ ಬಿಳಿಯ ಹಿಟ್ಟುತಿಗಣೆಯೋ ಕಂದು ಹುರುಪೆಯಂಥ ಶಲ್ಕಕೀಟವೋ ಕುಳಿತಿದ್ದರೆ, ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ ತೆಗೆಯಿರಿ. ಎಲೆಯಿಲ್ಲದ ಈ ಕಾಲದಷ್ಟು ಅನುಕೂಲ ಇದಕ್ಕೆ ಮತ್ತೆ ಸಿಗದು.

ಮಕ್ಕಳಿಗೆ ಚಳಿಗಾಲದ ರಜೆ ಬಂದಾಗ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಹದಿನೈದು ದಿನ ಯಾರೂ ನೋಡದೆ ಬಿಟ್ಟರೆ ಬೋಳು ಮರವೂ ಉಳಿಯುವುದು ಕಷ್ಟ. ತಟ್ಟೆಗಳನ್ನೆಲ್ಲ ಒಂದೆಡೆ ಗಾಳಿಯ ಮರೆಯಲ್ಲಿ ಕೂಡಿಸಿ, ಅಗಲವಾದ ಟ್ರೇಯಲ್ಲಿ ಒದ್ದೆ ಮರಳು ಹರಡಿ ಅದರ ಮೇಲಿಡಿರಿ. ನೆರೆಮನೆಯವರಿಗೆ ಬೀಗದ ಕೈಯೊಂದಿಗೆ ಆ ಬಿದಿರು ಕಡ್ಡಿಯನ್ನೂ ಕೊಟ್ಟು, ಅದನ್ನು ನೋಡುವ ರೀತಿಯನ್ನು ಮುಂಚೆಯೇ ತೋರಿಸಿರಿ. "ದಿನಾ ನೀರು ಹಾಕಿ" ಎಂದು ಹೇಳಿಹೋದರೆ, ಅವರು ಪ್ರೀತಿಯಿಂದಲೇ ಮರವನ್ನು ಮುಳುಗಿಸಿಬಿಡುತ್ತಾರೆ.

ಸವರುವ ಕಾಲ

ವಿಜಯಪುರದ ದ್ರಾಕ್ಷಿ ತೋಟದವರು ಇದಕ್ಕೆ 'ಚಾಟ್ನಿ' ಎನ್ನುತ್ತಾರೆ. ಸಾಮಾನ್ಯವಾಗಿ ನಾವು 'ಸವರುವುದು' ಎನ್ನುತ್ತೇವೆ. ಇದಕ್ಕೆ ಹೊತ್ತು ಯಾವುದು? ಎಲೆ ಬಿದ್ದ ಕೂಡಲೆ ಕತ್ತರಿ ಎತ್ತುವುದು ದಾಳಿಂಬೆಗೆ ಹಿತವಲ್ಲ. ಮಲಗಿರುವ ಮರ ಗಾಯವನ್ನು ಮುಚ್ಚಿಕೊಳ್ಳಲಾರದು. ಕೊಯ್ದ ತುದಿ ಚಳಿಗಾಳಿಗೆ ಒಳಮುಖವಾಗಿ ಒಣಗುತ್ತದೆ. ಜನವರಿಯ ಕೊನೆಯಿಂದ ಫೆಬ್ರವರಿಯ ನಡುವಿನವರೆಗೆ, ಮೊಗ್ಗುಗಳು ಉಬ್ಬುವುದಕ್ಕೆ ತುಸು ಮುಂಚೆ, ದೆಹಲಿಯಲ್ಲಿ ಸರಿಯಾದ ಕಾಲ. ಆಗ ಮಾಡಿದ ಗಾಯ ಕೆಲವೇ ವಾರಗಳಲ್ಲಿ ಏರುವ ರಸದಿಂದ ಮಾಯತೊಡಗುತ್ತದೆ. ಎಲ್ಲ ಮರಕ್ಕೂ ಇದೇ ನಿಯಮವಲ್ಲ. ಮೇಪಲ್ ಮರವನ್ನು ಚಳಿಗಾಲದ ಕೊನೆಯಲ್ಲಿ ದೊಡ್ಡದಾಗಿ ಕೊಯ್ದರೆ ರಸ ಸೋರುತ್ತದೆ. ಆದುದರಿಂದ ಅಂಥ ಕೆಲಸವನ್ನು ಜಪಾನಿನಲ್ಲಿ ಎಲೆ ಬಿದ್ದ ಹೊಸತರಲ್ಲಿ ಅಥವಾ ಎಲೆ ಬಲಿತ ಮೇಲೆ ಮಾಡುತ್ತಾರೆ.

ಹಾಗಾದರೆ ಜನವರಿಯಿಡೀ ಏನು ಮಾಡಬೇಕು? ನೋಡಬೇಕು. ದಿನಕ್ಕೆ ಐದು ನಿಮಿಷ ಮರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು, ತಟ್ಟೆಯನ್ನು ಮೆಲ್ಲಗೆ ತಿರುಗಿಸಿ ನಾಲ್ಕು ದಿಕ್ಕಿನಿಂದಲೂ ನೋಡಿರಿ. ತೆಗೆಯಬೇಕೆನಿಸಿದ ರೆಂಬೆಗೆ ಕೆಂಪು ನೂಲು ಕಟ್ಟಿರಿ. ವಾರ ಬಿಟ್ಟು ಮತ್ತೆ ನೋಡಿದಾಗ ಅರ್ಧ ನೂಲುಗಳನ್ನು ನೀವೇ ಬಿಚ್ಚುತ್ತೀರಿ. ಕೊಯ್ದ ರೆಂಬೆಯನ್ನು ಮರಳಿ ಅಂಟಿಸಲು ಬಾರದು. ಕಟ್ಟಿದ ನೂಲನ್ನು ಬಿಚ್ಚಬಹುದು.

ಕೆಲಸಕ್ಕೆ ಕೂರುವಾಗ ಕತ್ತರಿ ಹರಿತವಾಗಿರಬೇಕು, ಸ್ಪಿರಿಟ್ಟಿನಲ್ಲಿ ಒರೆಸಿ ಶುಚಿಯಾಗಿರಬೇಕು. ಮೊಂಡು ಕತ್ತರಿ ಕೊಯ್ಯದೆ ಜಜ್ಜುತ್ತದೆ. ಬಳಿಕ ಈ ಕ್ರಮವನ್ನು ಅನುಸರಿಸಿರಿ.

ಮೊದಲು ಸತ್ತ ಕಡ್ಡಿಗಳನ್ನು ತೆಗೆಯಿರಿ. ಎರಡನೆಯದಾಗಿ ಬುಡದಿಂದ ಎದ್ದ ಕಂದುಗಳು. ದಾಳಿಂಬೆಗೆ ಇವು ಹೇರಳ. ಇವನ್ನು ಬಿಟ್ಟರೆ ಮರ ಹೋಗಿ ಪೊದೆಯಾಗುತ್ತದೆ. ಮೂರನೆಯದಾಗಿ ಒಂದರ ಮೇಲೊಂದು ಹಾಯ್ದು ಉಜ್ಜುವ ರೆಂಬೆಗಳು, ಕಾಂಡದ ಕಡೆಗೆ ಹಿಂದಿರುಗಿ ಬೆಳೆದವು, ನೆಟ್ಟಗೆ ಮೇಲಕ್ಕೆ ಅಥವಾ ನೆಟ್ಟಗೆ ಕೆಳಕ್ಕೆ ಹೊರಟವು. ನಾಲ್ಕನೆಯದಾಗಿ ಗಿಣ್ಣುಗಳನ್ನು ನೋಡಿರಿ. ಒಂದೇ ಗಿಣ್ಣಿನಿಂದ ಮೂರು ನಾಲ್ಕು ಕವಲು ಹೊರಟಿದ್ದರೆ ಎರಡನ್ನು ಮಾತ್ರ ಉಳಿಸಿರಿ. ಇಲ್ಲವಾದರೆ ಆ ಜಾಗ ಗಂಟಿನಂತೆ ಉಬ್ಬಿ ಕಾಂಡದ ಅಂದ ಕೆಡುತ್ತದೆ. ದಾಳಿಂಬೆಯ ಕವಲುಗಳು ಹೆಚ್ಚಾಗಿ ಎದುರುಬದುರಾಗಿ ಬರುತ್ತವೆ. ಕಾಂಡದಲ್ಲಿ ಒಂದೇ ಮಟ್ಟಕ್ಕೆ ಎರಡು ರೆಂಬೆ ಚಾಚಿ ತಕ್ಕಡಿಯ ದಂಡಿಯಂತೆ ಕಂಡರೆ ಒಂದನ್ನು ಬಿಡಬೇಕಾಗುತ್ತದೆ.

ಕೊನೆಯದಾಗಿ ಉಳಿದ ಕಡ್ಡಿಗಳನ್ನು ಮೊಟಕುಗೊಳಿಸುವುದು. ತುದಿಯ ಮೊಗ್ಗು ತನ್ನ ಕೆಳಗಿನ ಮೊಗ್ಗುಗಳನ್ನು ತಲೆಯೆತ್ತಗೊಡದೆ ಅಂಕೆಯಲ್ಲಿಡುತ್ತದೆ. ತುದಿಯನ್ನು ತೆಗೆದೊಡನೆ ಕೆಳಗಿನವು ಎಚ್ಚರಗೊಳ್ಳುತ್ತವೆ. ಒಂದು ಕಡ್ಡಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಚಿಕ್ಕ ಮರಕ್ಕೆ ದೊಡ್ಡ ಮರದ ಕಳೆ ಬರುವುದು ಈ ಕವಲುಗಳಿಂದಲೇ. ಹೊರಗೆ ಮುಖಮಾಡಿದ ಮೊಗ್ಗಿನ ತುಸು ಮೇಲೆ ಓರೆಯಾಗಿ ಕೊಯ್ದರೆ ಹೊಸ ಕವಲು ಬೆಳಕಿನ ಕಡೆಗೆ ಹೋಗುತ್ತದೆ. ಒಳಮುಖದ ಮೊಗ್ಗಿನ ಮೇಲೆ ಕೊಯ್ದರೆ ಕಾಂಡಕ್ಕೆ ತಾಗುತ್ತದೆ. ದಪ್ಪ ರೆಂಬೆಯನ್ನು ತೆಗೆದಲ್ಲಿ ಮೋಟು ಬಿಡದೆ ತುಸು ತಗ್ಗಾಗಿ ಕೊಯ್ದು, ಗಾಯಕ್ಕೆ ಹಚ್ಚುವ ಲೇಪವನ್ನು ಬಳಿಯಿರಿ. ತೊಗಟೆ ಸುತ್ತಲಿಂದ ಬೆಳೆದು ಸಮನಾಗಿ ಮುಚ್ಚುತ್ತದೆ.

ಎಷ್ಟು ಕೊಯ್ಯಬಹುದು? ಒಂದು ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ದಾಳಿಂಬೆಯ ಹೂ ಬರುವುದು ಕುಡಿಗಳ ತುದಿಯಲ್ಲಿ. ಫೆಬ್ರವರಿಯಲ್ಲಿ ಸವರಿ, ಮಾರ್ಚಿಯಲ್ಲಿ ಬಂದ ಚಿಗುರನ್ನೂ ಅಂದಕ್ಕಾಗಿ ಕತ್ತರಿಸುತ್ತ ಹೋದವರು ಆ ವರ್ಷ ಹೂವನ್ನು ಕಾಣಲಾರರು. ಹೂ ಬೇಕೆಂದರೆ ಹೊಸ ಕುಡಿಯನ್ನು ಬೆಳೆಯಗೊಡಬೇಕು. ಕಾಯಿ ಕಚ್ಚಿದರೆ ಒಂದೆರಡನ್ನು ಉಳಿಸಿ ಮಿಕ್ಕವನ್ನು ಕಿತ್ತುಬಿಡಿರಿ. ತಟ್ಟೆಯ ಮರದ ಎಲೆ ಕಿರಿದಾಗುತ್ತದೆಯೇ ಹೊರತು ಹಣ್ಣು ಕಿರಿದಾಗದು. ಭಾರ ಹೊರುವುದು ಆ ಪುಟ್ಟ ರೆಂಬೆಯೇ. ಕಿರಿಯ ಹಣ್ಣೇ ಬೇಕೆಂದವರು ಕುಬ್ಜ ಜಾತಿಯ ದಾಳಿಂಬೆಯನ್ನು ಆರಿಸಿಕೊಳ್ಳಬೇಕು.

ರೆಂಬೆಗಳಿಗೆ ತಂತಿ ಸುತ್ತಿ ಬಗ್ಗಿಸುವವರಿಗೂ ಇದು ಅನುಕೂಲದ ಕಾಲ, ಎಲೆಯ ಅಡ್ಡಿಯಿಲ್ಲ. ಆದರೆ ದಾಳಿಂಬೆಯ ಬಲಿತ ರೆಂಬೆ ಪೆಡಸು, ಬಗ್ಗದೆ ಮುರಿಯುತ್ತದೆ. ಎಳೆಯ ಕಡ್ಡಿಗಳಿಗೆ ಮಾತ್ರ ಮೆತ್ತನೆಯ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿರಿ. ಚಿಗುರು ಬಂದ ಮೇಲೆ ವಾರಕ್ಕೊಮ್ಮೆ ನೋಡುತ್ತಿದ್ದು, ತೊಗಟೆಯೊಳಕ್ಕೆ ಕಚ್ಚುವ ಮುಂಚೆ ತಂತಿಯನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಹೋದರೆ ಕಡ್ಡಿ ಮುರಿಯಬಹುದು.

ಬೇರಿನ ಕೆಲಸ

ಎರಡು ಮೂರು ವರ್ಷಕ್ಕೊಮ್ಮೆ, ನೀರು ಮಣ್ಣಿನೊಳಕ್ಕೆ ಇಳಿಯದೆ ಮೇಲೆಯೇ ನಿಲ್ಲತೊಡಗಿದಾಗ, ತಟ್ಟೆಯ ಮಣ್ಣನ್ನು ಬದಲಿಸಬೇಕು. ಮೊಗ್ಗು ಉಬ್ಬಿ ಇನ್ನೂ ಬಿಚ್ಚದಿರುವ ಆ ಹತ್ತು ಹನ್ನೆರಡು ದಿನಗಳೇ ಇದಕ್ಕೆ ಮುಹೂರ್ತ. ಮರವನ್ನು ಎತ್ತಿ, ಹೊರಸುತ್ತಿನ ಬೇರನ್ನು ಕಡ್ಡಿಯಿಂದ ಬಿಡಿಸಿ, ಮೂರನೆಯ ಒಂದು ಪಾಲಿನಷ್ಟನ್ನು ಕತ್ತರಿಸಿ ತೆಗೆಯಿರಿ. ದಪ್ಪ ಬೇರನ್ನು ಕಡಮೆ ಮಾಡಿ ಕೂದಲಿನಂಥ ಬೇರನ್ನು ಉಳಿಸಿರಿ; ಮರಕ್ಕೆ ನೀರುಣಿಸುವುದು ಅವೇ. ಜರಡಿಯಾಡಿ ಧೂಳು ತೆಗೆದ ಇಟ್ಟಿಗೆ ಚೂರು, ದಪ್ಪ ಮರಳು, ಹಳೆಯ ಎಲೆಗೊಬ್ಬರ ಇವನ್ನು ಸಮನಾಗಿ ಕಲಸಿ ನಾವು ಬಳಸುತ್ತೇವೆ. ನೆಟ್ಟ ಮೇಲೆ ಮರ ಅಲುಗದಂತೆ ತಟ್ಟೆಯ ರಂಧ್ರದ ಮೂಲಕ ತಂತಿ ಕಟ್ಟಿ, ಚೆನ್ನಾಗಿ ನೀರು ಹಾಕಿ, ಎರಡು ವಾರ ಗಾಳಿಯಿಲ್ಲದ ನೆರಳಿನಲ್ಲಿಡಿರಿ. ಗೊಬ್ಬರ ಇನ್ನೊಂದು ತಿಂಗಳು ಬೇಡ. ಒಂದೇ ವರ್ಷ ಬೇರನ್ನೂ ರೆಂಬೆಯನ್ನೂ ಬಲವಾಗಿ ಕತ್ತರಿಸಬಾರದು. ಒಂದು ಕಡೆ ದೊಡ್ಡ ಕೆಲಸವಾದರೆ ಇನ್ನೊಂದು ಕಡೆಗೆ ಕೈ ಹಗುರವಾಗಿರಲಿ.

ಬೇರು ಕತ್ತರಿಸುವುದೆಂದರೆ ಕೆಲವರಿಗೆ ಮನಸ್ಸು ಹಿಂಜರಿಯುತ್ತದೆ. 'ಪಾಪ, ಮರವನ್ನು ಹಿಂಸಿಸಿದಂತಲ್ಲವೆ?' ಎಂದು ಕೇಳುವವರಿದ್ದಾರೆ. ಕತ್ತರಿಸದೆ ಬಿಟ್ಟರೆ ಬೇರು ತಟ್ಟೆಯೊಳಗೆ ತನ್ನನ್ನು ತಾನೇ ಸುತ್ತಿಕೊಂಡು, ನೀರಿಗೂ ಗಾಳಿಗೂ ಎಡೆಯಿಲ್ಲದೆ ಮರ ಉಸಿರುಗಟ್ಟುತ್ತದೆ. ಹೊಸ ಮಣ್ಣು ಸಿಕ್ಕಿದ ಬೇರು ತಿಂಗಳೊಪ್ಪತ್ತಿನಲ್ಲಿ ಎಳೆಯ ಕವಲುಗಳನ್ನು ಒಡೆಯುತ್ತದೆ. ತಟ್ಟೆಯ ಮರ ದೀರ್ಘಾಯುವಾಗುವುದು ಈ ಕತ್ತರಿಯಿಂದಲೇ.

ಇಷ್ಟು ಮಾಡಿ ಮುಗಿಸಿದ ಮೇಲೆ ಮತ್ತೆ ಕಾಯುವ ಕೆಲಸ. ದಾಳಿಂಬೆ ಏಳುವುದು ತುಸು ನಿಧಾನ. ನೆರೆಯ ಹಿಪ್ಪುನೇರಳೆ ಚಿಗುರಿದ ಮೇಲೂ ಅದು ಸುಮ್ಮನಿದ್ದರೆ ಕಳವಳಪಡಬೇಕಾದುದಿಲ್ಲ. ಫೆಬ್ರವರಿಯ ಕೊನೆಗೋ ಮಾರ್ಚಿಯ ಮೊದಲಿಗೋ ಒಂದು ಬೆಳಿಗ್ಗೆ ಕಡ್ಡಿಗಳ ಮೇಲೆ ತಾಮ್ರದ ಬಣ್ಣದ ಚುಕ್ಕೆಗಳು ಕಾಣುತ್ತವೆ. ವಾರದೊಳಗೆ ಅವು ಎಲೆಯಾಗುತ್ತವೆ. ಯುಗಾದಿಯ ಹೊತ್ತಿಗೆ ಕೆಂಪು ಅಳಿದು ಹಸುರಾಗಿರುತ್ತದೆ. ಆಮೇಲೆ ನೀರು ಹೆಚ್ಚಿಸಿರಿ, ಗೊಬ್ಬರ ಕೊಡಿರಿ, ನಿಮ್ಮ ಉಪಚಾರವನ್ನೆಲ್ಲ ಆಗ ತೋರಿಸಿರಿ. ಓದುಗರ ಮನೆಗಳ ಮರಗಳು ಈ ಚಳಿಗಾಲದಲ್ಲಿ ಸುಖವಾಗಿ ಮಲಗಿ, ಹೊಸ ವರ್ಷಕ್ಕೆ ಮೈತುಂಬ ಚಿಗುರಲೆಂದು ಹಾರೈಸುತ್ತೇವೆ.